ಕೆರಿ ತುಂಬಿಸೋ ನೌಕರಿ

ಬೆಂಗಳೂರಿನ ಕನ್ಸಲ್ಟಿಂಗ್ ಕಂಪನಿಯ ಡೇಟಾ ಎಂಜಿನಿಯರಿಂಗ್ ತಂಡದ ಲೀಡ್ ಎಳ್ಳ ಅಮಾವಾಸ್ಯೆಗೆ ಶಹಾಪುರಕ್ಕೆ ಬಂದಿದ್ದ. ಮಲಗಿದ ಬುದ್ಧನ ಗುಡ್ಡ ಕಾಣುವ ಕಟ್ಟೆ. ಪಕ್ಕದಲ್ಲಿ, ಸುರಪುರದ ಕಡೆ ಕಾಲುವೆಯ ತುದಿಯಲ್ಲಿ ಹೊಲವಿರುವ ಕಾಕಾ.

“ತಮ್ಮಾ, ನಿನ್ನ ನೌಕರಿ ಏನಂತ ಇವತ್ತರ ಹೇಳು.”

“ಗಿರಾಕಿ ಡೇಟಾ ಪೈಪ್‌ಲೈನ್‌ದಾಗ ಹರಿಸಿ ಲೇಕಿಗೆ ತುಂಬಿಸ್ತೀವಿ ಕಾಕಾ.”

“ಲೇಕ್ ಅಂದ್ರ ಕೆರಿ. ಗೇಟ್ ಕಾಯೋಂವ ಅನ್ನು!”

“ಸೀನಿಯರ್ ಮ್ಯಾನೇಜರ್ ಅನ್ರಿ.”

“ಆ ಕೆರಿ ನೀರು ಯಾರು ಕುಡೀತಾರ?”

“ಯಾರೂ ಇಲ್ಲ. ಡ್ಯಾಶ್‌ಬೋರ್ಡಿನಾಗ ಬಣ್ಣ ನೋಡ್ತಾರ. ಹಸಿರಿದ್ರ ನಂಗ ನಿದ್ದಿ.”

“ಕೆಂಪಾದ್ರ?”

“ಮ್ಯಾಲಿನವರು ಹೇಳದ ಕಾಲಂ ಬದಲಿಸಿರ್ತಾರ. ರಾತ್ರಿ ಎರಡಕ್ಕ ಹುಡುಗುರನ್ನ ಎಬ್ಬಸ್ತೀನಿ.”

“ನಮ್ದೂ ಹಂಗ. ಮ್ಯಾಲಿನವರು ಭತ್ತ ಹಚ್ತಾರ, ನಮಗ ಕೆಸರು.”

“ನಾರಾಯಣಪುರ ಎಡದಂಡಿ ಕಾಲುವಿಗೂ ಸ್ಕಾಡಾ ಬಂದದಲ್ಲ! 2023ರ ಜನವರಿ 19ಕ್ಕ ಕೊಡೇಕಲ್ಲಿಗೆ ಪ್ರಧಾನಿನೇ ಬಂದಿದ್ರು. ಗೇಟೇ ಲೆಕ್ಕ ಹೇಳ್ತದ.”

“ಲೆಕ್ಕ ಹೇಳ್ತದ, ಖರೆ. ಮ್ಯಾಲಿನಾಂವ ರಾತ್ರಿ ಮೋಟಾರ್ ಇಟ್ರ ಸ್ಕಾಡಾ ಬಂದು ಜಗಳಾಡ್ತದೇನು?”

“ಅದಕ್ಕ ಗವರ್ನೆನ್ಸ್ ಕಮಿಟಿ ಬೇಕು.”

“ಅದ. ಐಸಿಸಿ. ಕ್ರಿಕೆಟ್ಟಿಂದಲ್ಲ, ನೀರಾವರಿ ಸಲಹಾ ಸಮಿತಿ. ಸಲಹಾ ಅಂದ್ರ ನಿಮ್ಮ ಕನ್ಸಲ್ಟಿಂಗೇ. ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಅಂತ ಹೇಳ್ತಾರ. ನೀವು ರೊಕ್ಕ ಹ್ಯಾಂಗ ತಗೋತೀರಿ?”

“ತಾಸಿನ ಲೆಕ್ಕ.”

“ನೀರು ಬರದ ತಾಸಿಗೂ?”

“ಅದಕ್ಕ ಜಾಸ್ತಿ. ಯಾಕ ಬರಲಿಲ್ಲ ಅಂತ ರಿಪೋರ್ಟ್ ಬರೀಬೇಕಲ್ಲ.”

ಕಾಕಾ ಮೊದಲ ಸಲ ಗೌರವದಿಂದ ನೋಡಿದ. ಅಷ್ಟರಲ್ಲಿ ಫೋನು. ಡ್ಯಾಶ್‌ಬೋರ್ಡ್ ಕೆಂಪು.

“ಏಳು, ಯಾದಗಿರಿ ಸ್ಟೇಷನ್ನಿಗೆ ಬಿಡ್ತೀನಿ. ನಿನ್ನ ಕೆರಿ ಒಡದಂಗದ.”