ಬೂದಿದಿಬ್ಬಕ್ಕೆ ಐದು ಅಂಕ

ಕಾಲೇಜು ಮೇಷ್ಟ್ರುಗಳಿಗೆ ಈಗ ಫ್ಲಿಪ್ಡ್ ಕ್ಲಾಸ್‌ರೂಂ ಎಂಬ ಹೊಸ ಹುಚ್ಚು ಹತ್ತಿದೆ. ಪಾಠವನ್ನು ಮನೆಯಲ್ಲೇ ವಿಡಿಯೊದಲ್ಲಿ ನೋಡಿಕೊಂಡು ಬರಬೇಕು. ಕ್ಲಾಸಿನಲ್ಲಿ ಲೆಕ್ಕ ಬಿಡಿಸಬೇಕು, ವಾದ ಮಾಡಬೇಕು, ತಪ್ಪು ತಿದ್ದಿಸಿಕೊಳ್ಳಬೇಕು. ಇದರಲ್ಲಿ ಅರ್ಧವನ್ನು ನಮ್ಮ ಕುಡತಿನಿ ಹುಡುಗರು ಯಾರೂ ಹೇಳದೆಯೇ ಜಾರಿಗೆ ತಂದುಬಿಟ್ಟಿದ್ದಾರೆ. ಕ್ಲಾಸಿನಲ್ಲಿ ತೂಕಡಿಸಿ, ಪರೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ಯೂಟ್ಯೂಬ್ ನೋಡಿ ಪಾಸಾಗುತ್ತಾರೆ. ಉಳಿದರ್ಧ ಮೇಷ್ಟ್ರ ಪಾಲಿನದು. ಅದು ಬಾಕಿ ಇದೆ.

ನಮ್ಮಕ್ಕನ ಮಗಳು ಬಳ್ಳಾರಿಗೆ ಬಿ.ಎ. ಓದಲು ಹೋಗುತ್ತಾಳೆ. ಇಪ್ಪತ್ತು ಕಿಲೋಮೀಟರ್ ದಾರಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದು ಟಿಕೆಟ್ ಖರ್ಚು ಉಳಿಯಿತು, ಸೀಟೂ ಹೋಯಿತು. ಒಂದು ಕೈ ಕಂಬಿಗೆ, ಒಂದು ಕೈ ಮೊಬೈಲಿಗೆ, ಕಿವಿಯಲ್ಲಿ ಮೇಷ್ಟ್ರು.

"ಮಾಮಾ, ಸರ್ ಗ್ರೂಪಿಗೆ ಲಿಂಕ್ ಹಾಕ್ಯಾರ. ನಲವತ್ತು ನಿಮಿಷದ್ದು."

"ಪೂರ್ತಿ ನೋಡಿದ್ಯಾ?"

"ಸ್ಪೀಡ್ ಎರಡಕ್ಕಿಟ್ಟು ನೋಡೀನಿ. ಕ್ಲಾಸಿನಾಗ ನಿಧಾನಕ್ಕ ಮಾತಾಡೋ ಸರ್, ವಿಡಿಯೊದಾಗ ಹರಾಜು ಕೂಗಿದಂಗ ಕೂಗ್ತಾರ."

"ಮತ್ತ ಕ್ಲಾಸಿನಾಗ ಏನು ಮಾಡಿದ್ರಿ?"

"ಯಾರ್ಯಾರು ನೋಡಿಲ್ಲ ಕೈ ಎತ್ರಿ ಅಂದ್ರು. ಎಲ್ಲರೂ ಎತ್ತಿದ್ವಿ. ಸರ್ ಅದನ್ನ ಮತ್ತ ಮೊದಲಿಂದ ಹೇಳಿದ್ರು."

"ನೀನು ನೋಡಿದ್ದಿಯಲ್ಲ, ನೀನ್ಯಾಕ ಎತ್ತಿದಿ?"

"ಎತ್ತಲಿಲ್ಲಂದ್ರ ಎಲ್ಲಾ ಪ್ರಶ್ನೆ ನನಗೇ ಕೇಳ್ತಾರಲ್ಲ ಮಾಮಾ!"

ಈ ಹುಡುಗಿ ಜೀವನದಲ್ಲಿ ಮುಂದೆ ಬರುವುದರಲ್ಲಿ ನನಗೆ ಸಂಶಯವಿಲ್ಲ.

ಈ ಪದ್ಧತಿ ಹೆಸರು ಮಾಡಿದ್ದೂ ಬಸ್ಸಿನ ಕಾಟದಿಂದಲೇ. ಅಮೆರಿಕದ ಕೊಲೊರಾಡೊದಲ್ಲಿ ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರಿದೆ. ಅಲ್ಲಿನ ಹುಡುಗರು ಆಟದ ಪಂದ್ಯಕ್ಕೆಂದು ದೂರದ ಶಾಲೆಗಳಿಗೆ ಬಸ್ ಹತ್ತಿ ಹೋಗಿ ಪಾಠ ತಪ್ಪಿಸಿಕೊಳ್ಳುತ್ತಿದ್ದರು. ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರು 2007ರಲ್ಲಿ ಪಾಠ ರೆಕಾರ್ಡ್ ಮಾಡತೊಡಗಿದರು. ಅದಕ್ಕೂ ಮುಂಚೆ, 1990ರ ಸುಮಾರಿಗೆ, ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಬಲ-ಚಲನೆಯ ಬಗ್ಗೆ ತೀರಾ ಸಾದಾ ಪ್ರಶ್ನೆಗಳನ್ನು ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಹಾಗೆ ಬರೆಯಲೋ, ನನಗೆ ಅನ್ನಿಸುವ ಹಾಗೆ ಬರೆಯಲೋ ಎಂದು ಕೇಳಿದಳಂತೆ. ಮಜೂರ್ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಪಾಠದ ರೀತಿಯನ್ನೇ ಬದಲಿಸಿದರು. ಓದಿಕೊಂಡು ಬರುವುದು ಹುಡುಗರ ಕೆಲಸ. ಕ್ಲಾಸಿನಲ್ಲಿ ಒಂದು ಪ್ರಶ್ನೆ ಎಸೆದು ಪಕ್ಕದವರ ಜೊತೆ ಜಗಳಕ್ಕೆ ಬಿಡುವುದು ಮೇಷ್ಟ್ರ ಕೆಲಸ. ನಮ್ಮಲ್ಲಿ ಪಕ್ಕದವರ ಜೊತೆ ಮಾತಾಡಿದರೆ ಹೊರಗೆ ನಿಲ್ಲಿಸುತ್ತಾರೆ.

ನಮ್ಮ ರಾಜ್ಯವೂ ಫ್ಲಿಪ್ ಮಾಡುವುದರಲ್ಲಿ ಹಿಂದೆ ಬಿದ್ದಿಲ್ಲ ಬಿಡಿ. ಹೊಸ ಶಿಕ್ಷಣ ನೀತಿಯೆಂದು 2021ರಲ್ಲಿ ನಾಲ್ಕು ವರ್ಷದ ಪದವಿ ತಂದೆವು, 2024ರಲ್ಲಿ ಮಗುಚಿ ಮೂರು ವರ್ಷಕ್ಕೆ ಬಂದೆವು. ಇನ್ನು ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದ ವರ್ಷ ನೋಡಬೇಕಿತ್ತು. ಬೆಂಚುಗಳು ದುಂಡಗೆ ಕೂತವು, ಫೋಟೊ ತೆಗೆದ ಮೇಲೆ ಸಾಲಿಗೆ ಮರಳಿದವು.

ಮೇಷ್ಟ್ರನ್ನೇ ಬೈದರೆ ಪಾಪ ಬರುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ಭಾರದಲ್ಲಿ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ವಿಡಿಯೊ ಯಾರಿಗಾಗಿ ಮಾಡಿಡಬೇಕು? ಅದೂ ಅಲ್ಲದೆ, ಒಂದು ಗಂಟೆ ನೋಟ್ಸ್ ಓದಿ ಹೇಳುವುದು ಸುಲಭ. ಅರವತ್ತು ಹುಡುಗರನ್ನು ಒಂದು ಗಂಟೆ ವಾದಕ್ಕೆ ಹಚ್ಚುವ ಪ್ರಶ್ನೆ ಹುಡುಕುವುದು ಕಷ್ಟ.

ಅಂಥ ಪ್ರಶ್ನೆ ನಮ್ಮೂರ ಪಕ್ಕದಲ್ಲೇ ಬಿದ್ದಿದೆ. ಕುಡತಿನಿಯಿಂದ ತೋರಣಗಲ್ಲಿನ ಕಡೆ ಹೋಗುವಾಗ ಕಣಿವೆಯಲ್ಲಿ ದೊಡ್ಡ ಬೂದಿದಿಬ್ಬವಿದೆ, ನವಶಿಲಾಯುಗದ್ದು. ಪುಡಿ ಬೂದಿ ಮಾತ್ರವಲ್ಲ, ಕರಗಿ ಗಟ್ಟಿಯಾಗಿ ತೂತುತೂತಾದ ಕಿಟ್ಟವೂ ಇದೆ. ಜ್ವಾಲಾಮುಖಿಯದೋ, ಕುಲುಮೆಯದೋ, ಯಜ್ಞದ್ದೋ ಎಂದು ಬ್ರಿಟಿಷರ ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನಂತೂ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಇವೆಲ್ಲ ದನದ ಸಗಣಿ ಸುಟ್ಟ ಬೂದಿ ಎಂದು 19ನೇ ಶತಮಾನದಲ್ಲೇ ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1960ರಲ್ಲಿ ಝೊಯ್ನರ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ಹೌದೆಂದರು. 1963ರಲ್ಲಿ ಪುರಾತತ್ವಜ್ಞ ಆಲ್ಚಿನ್ ಆ ಬೂದಿ ಬಿಟ್ಟುಹೋದ ದನಗಾಹಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಆದರೆ ಹೊಲಕ್ಕೆ ಗೊಬ್ಬರವಾಗುವ ಸಗಣಿಯನ್ನು ಗುಡ್ಡೆ ಹಾಕಿ ಯಾಕೆ ಸುಟ್ಟರು? ರೋಗ ಬಂತೆಂದೋ, ಹಬ್ಬವೆಂದೋ? ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಊರ ಹತ್ತಿರವೇ 1,700 ಮೆಗಾವ್ಯಾಟ್‌ನ ಶಾಖೋತ್ಪನ್ನ ಕೇಂದ್ರ ದಿನವೂ ಕಲ್ಲಿದ್ದಲಿನ ಹೊಸ ಬೂದಿ ಮಾಡುತ್ತಿದೆ. ಬೂದಿಯಲ್ಲಿ ನಮಗೆ ಕೊರತೆಯಿಲ್ಲ.

ನಮ್ಮ ಹುಡುಗಿಯ ನೋಟ್ಸ್‌ನಲ್ಲಿ ಇದು "ಬೂದಿದಿಬ್ಬಗಳು: ಟಿಪ್ಪಣಿ ಬರೆಯಿರಿ, 5 ಅಂಕ". ಒಮ್ಮೆಯಾದರೂ ಹೋಗಿ ನೋಡಿದ್ದೀಯಾ ಎಂದರೆ, "ಅದು ಸಿಲಬಸ್‌ನಾಗೈತಿ ಮಾಮಾ, ನೋಡಾಕ ಯಾಕ ಹೋಗ್ಬೇಕು" ಎಂದಳು.

ಬಯಲಾಟದ ತಾಲೀಮು ನೋಡಿದವರಿಗೆ ನಮ್ಮ ಕ್ಲಾಸಿನ ರೋಗ ಎಲ್ಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಪಾತ್ರದ ಮಾತನ್ನು ಹೊಲದಲ್ಲೋ ಹಟ್ಟಿಯಲ್ಲೋ ಬಾಯಿಪಾಠ ಮಾಡಿಕೊಂಡು ಬರಬೇಕು. ರಾತ್ರಿ ತಾಲೀಮಿನಲ್ಲಿ ಮಾಸ್ತರ ಹೆಜ್ಜೆ ತಿದ್ದುತ್ತಾನೆ, ರಾಗ ತಿದ್ದುತ್ತಾನೆ. ದುರ್ಯೋಧನ ಕಟ್ಟುವವನು ಮಾತು ಕಲಿತೇ ಬರುತ್ತಾನೆ, ಯಾಕೆಂದರೆ ಆಟದ ದಿನ ತಡವರಿಸಿದರೆ ಇಡೀ ಊರು ನಗುತ್ತದೆ. ನಮ್ಮ ಪದವಿ ಪರೀಕ್ಷೆಯಲ್ಲಿ ಅಂಥ ಭಯವೇನಿಲ್ಲ. ಗೈಡಿನಲ್ಲಿದ್ದ ಒಂದೂವರೆ ಪುಟ ಇಳಿಸಿದರೆ ಐದಕ್ಕೆ ನಾಲ್ಕು ಖಾತ್ರಿ. ಹೀಗಿದ್ದ ಮೇಲೆ ವಿಡಿಯೊ ಯಾಕೆ ನೋಡಬೇಕು, ಕ್ಲಾಸಿನಲ್ಲಿ ಬಾಯಿ ಯಾಕೆ ಬಿಡಬೇಕು? ಹುಡುಗರ ಲೆಕ್ಕ ಸರಿಯಾಗಿಯೇ ಇದೆ.

ಅದಕ್ಕೇ ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರಲ್ಲಿ ಒಂದು ಅರಿಕೆ. ಕ್ಲಾಸನ್ನು ಆಮೇಲೆ ಫ್ಲಿಪ್ ಮಾಡೋಣ, ಮೊದಲು ಆ ಹಾಳೆಯನ್ನು ಮಾಡಿ. "ನಿಂಬಾಪುರದ ದಿಬ್ಬ ವಾಲಿಯ ಬೂದಿ ಎನ್ನುವ ಅಜ್ಜನಿಗೆ ಅದು ಸಗಣಿ ಬೂದಿ ಎಂದು ಹೇಗೆ ಒಪ್ಪಿಸುತ್ತೀರಿ?" ಎಂದು ಹತ್ತು ಅಂಕಕ್ಕೆ ಕೇಳಿ ನೋಡಿ. ಲಿಂಕ್ ಕಳಿಸಿ ಎಂದು ಹುಡುಗರೇ ದುಂಬಾಲು ಬೀಳುತ್ತಾರೆ. ಉತ್ತರ ಹುಡುಕಲು ಅವರನ್ನು ಕರೆದುಕೊಂಡು ಕುಡತಿನಿಗೇ ಬರುವುದಾದರೆ ಡಿಸೆಂಬರ್‌ನಲ್ಲಿ ಬನ್ನಿ. ನಮ್ಮ ಏಪ್ರಿಲ್ ಬಿಸಿಲಿಗೆ ಯಾವ ಬೋಧನಾ ಪದ್ಧತಿಯೂ ತಾಳುವುದಿಲ್ಲ. ಒಗ್ಗರಣೆ-ಮಿರ್ಚಿ ಖರ್ಚು ನನ್ನದು.