ಮಡಿ ಕಂಪೈಲರ್

ಕಂಪೈಲರ್ ಅಂದರೆ ಅಡುಗೆಭಟ್ಟ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರಗುವ ಹಾಗೆ ಬೇಯಿಸಿಕೊಡುವುದಷ್ಟೇ ಅವನ ಕೆಲಸ. ಭಟ್ಟನ ಕೈರುಚಿ ನೋಡಬೇಕು. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮಿನವರು ಗೋತ್ರ ನೋಡಿದರು.

2007ರ ಜೂನ್ 29ರಂದು ಜಿಪಿಎಲ್ ಪರವಾನಗಿಯ ಮೂರನೇ ಆವೃತ್ತಿ ಬಂತು. ಮರುತಿಂಗಳು ಬಂದ ಜಿಸಿಸಿ ಕಂಪೈಲರಿನ 4.2.1 ಆವೃತ್ತಿ, ಹಳೆಯ ಪರವಾನಗಿಯ ಕೊನೆಯ ಭಟ್ಟ. ಅವನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಆಮೇಲೆ ಬಂದವರೆಲ್ಲ ಮೈಲಿಗೆ.

ಹೆಸರಲ್ಲೇ 'ಫ್ರೀ' ಇದೆ, ನೆನಪಿರಲಿ.

2011ರಲ್ಲಿ ಸಿ++ ಭಾಷೆಯ ಹೊಸ ರೂಪ ಸಿ++11 ಬಂತು. ಮುದುಕ ಭಟ್ಟನಿಗೆ ಅದರ ಗಂಧವೇ ಇಲ್ಲ. ಹಾಗಾದರೆ ಹೊಸ ಪ್ರೋಗ್ರಾಂ ಬೇಯಿಸುವುದು ಹೇಗೆ? ಪೋರ್ಟ್ಸ್ ಎಂಬ ಹೊರಗಿನ ಸಾಫ್ಟ್‌ವೇರ್ ಸಂಗ್ರಹದಿಂದ ಹೊಸ ಜಿಸಿಸಿ ಹಾಕಿಕೊಳ್ಳಿ, ಅಷ್ಟೇ! ಅಡುಗೆಮನೆಗೆ ಬರಬಾರದವನು ಹಿತ್ತಲ ಬಾಗಿಲಿನಿಂದ ಧಾರಾಳವಾಗಿ ಬರಬಹುದು. ಮನೆ ಪರಮ ಮಡಿ, ಊಟ ಮಾತ್ರ ಹೋಟೆಲಿನದು. ಆ ಊಟವೂ ದಕ್ಕುವ ಭರವಸೆಯಿಲ್ಲ. ಹೊಸಬ ಬೇಯಿಸಿದ್ದನ್ನು ಓಡಿಸಹೊರಟರೆ ಮನೆಯ ಹಳೆಯ ಲೈಬ್ರರಿ ಅಡ್ಡ ಬಂದು ನಿಲ್ಲುತ್ತಿತ್ತು.

ಇಷ್ಟಕ್ಕೂ ಭಯ ಯಾವುದರದು? ಜಿಸಿಸಿಯಲ್ಲಿ ಕಂಪೈಲ್ ಮಾಡಿದ ಮಾತ್ರಕ್ಕೆ ನಿಮ್ಮ ಪ್ರೋಗ್ರಾಂ ಜಿಪಿಎಲ್ ಆಗುವುದಿಲ್ಲ. ಆ ವಿನಾಯಿತಿಯನ್ನು ಬರೆದೇ ಕೊಟ್ಟಿದ್ದಾರೆ. ಕೊಂಡವನು ತನ್ನ ಪೆಟ್ಟಿಗೆಯಲ್ಲಿ ತಾನೇ ತಿದ್ದಿದ ಸಾಫ್ಟ್‌ವೇರ್ ಓಡಿಸಲು ಬಿಡಿ ಎನ್ನುತ್ತದೆ ಹೊಸ ಪರವಾನಗಿ. ಪೇಟೆಂಟಿನ ಕುಣಿಕೆ ಹಾಕಬೇಡಿ ಎನ್ನುತ್ತದೆ. ಇದನ್ನು ಕೇಳಿ ಬೆವರುವವರು ಪೆಟ್ಟಿಗೆ ಮಾರುವ ಕಂಪನಿಗಳು. ಅಲ್ಲ ಸ್ವಾಮಿ, ರೌಟರಿನೊಳಗೆ ಕಂಪೈಲರ್ ಇಟ್ಟು ಮಾರುವ ಪುಣ್ಯಾತ್ಮ ಯಾರು?

ಪಕ್ಕದ ಮನೆಯ ನೆಟ್‌ಬಿಎಸ್‌ಡಿ 2012ರಲ್ಲಿ ಹೊಸ ಪರವಾನಗಿಯ ಜಿಸಿಸಿ 4.5 ಅನ್ನು ನಡುಮನೆಗೇ ಕರೆದು ಕೂರಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಜಿಸಿಸಿಯವರೇನು ಸಂಪನ್ನರಲ್ಲ. ಊರಿಗೆಲ್ಲ ಸ್ವಾತಂತ್ರ್ಯ ಬೋಧಿಸಿದವರು 2010ರವರೆಗೆ ತಮ್ಮ ಕಂಪೈಲರಿಗೆ ಪ್ಲಗಿನ್ ಸೇರಿಸಲು ಬಿಡಲಿಲ್ಲ. ಖಾಸಗಿಯವರು ಒಳನುಗ್ಗಿಯಾರು ಎಂಬ ಭಯ! ಸ್ವಾತಂತ್ರ್ಯ ರಕ್ಷಣೆಗೆ ಒಳಗಿಂದ ಚಿಲಕ.

ಸರಿ, ಉದ್ಧಾರಕ ಬಂದ. 2014ರ ಜನವರಿಯಲ್ಲಿ ಫ್ರೀಬಿಎಸ್‌ಡಿ 10 ಇಂಟೆಲ್ ಬಗೆಯ ಯಂತ್ರಗಳಲ್ಲಿ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿಗೆ ಪಟ್ಟ ಕಟ್ಟಿತು. ಆ ಕ್ಲ್ಯಾಂಗನ್ನು ಹಣ ಸುರಿದು ಸಾಕಿದವರು? ಆ್ಯಪಲ್. ನೀವು ದುಡ್ಡು ಕೊಟ್ಟು ಕೊಂಡ ಫೋನಿಗೆ ಯಾವ ಆ್ಯಪ್ ಹಾಕಬಹುದೆಂದು ತಾನೇ ತೀರ್ಮಾನಿಸುವ ಆ್ಯಪಲ್. ಜಿಪಿಎಲ್‌ನ ಸ್ವಾತಂತ್ರ್ಯ ಮೈಲಿಗೆ, ಆ್ಯಪಲ್‌ನ ದಾನ ತೀರ್ಥ. ಕ್ಲ್ಯಾಂಗ್ ಒಳ್ಳೆಯದೇ, ನಮ್ಮ ಪ್ರೋಗ್ರಾಮಿನ ತಪ್ಪನ್ನು ಅರ್ಥವಾಗುವ ಹಾಗೆ ಹೇಳುತ್ತದೆ. ನನ್ನ ತಕರಾರು ಅದರ ಮೇಲಲ್ಲ, ಅದಕ್ಕೆ ಸುತ್ತಿದ ಜನಿವಾರದ ಮೇಲೆ.

ಕ್ಲ್ಯಾಂಗಿಗೆ ಒಗ್ಗದ ಬಡ ಯಂತ್ರಗಳಿಗೆ ಆಗಲೂ 4.2.1 ಭಟ್ಟನೇ ಗತಿ. 2020ರ ಫೆಬ್ರವರಿಯಲ್ಲಿ ಅವನನ್ನು ಕೊನೆಗೂ ಹೊರಗೆ ಹಾಕಿದರು. ಜೊತೆಗೆ ಸ್ಪಾರ್ಕ್64 ಯಂತ್ರಗಳೂ ಮನೆ ಬಿಟ್ಟವು. ಹನ್ನೆರಡೂವರೆ ವರ್ಷದ ವ್ರತ!

ಅಷ್ಟರಲ್ಲಿ ಕ್ಲ್ಯಾಂಗಿನ ಮೂಲವಾದ ಎಲ್‌ಎಲ್‌ವಿಎಂ 2019ರಲ್ಲಿ ಅಪಾಚೆ ಪರವಾನಗಿಗೆ ಬದಲಾಗಿತ್ತು. ಈಗ ಇನ್ನೊಂದು ನೆರೆಮನೆ ಓಪನ್‌ಬಿಎಸ್‌ಡಿಯವರ ಸರದಿ. ಅಪಾಚೆಯೂ ಮೈಲಿಗೆ ಎಂದು ಎಂಟನೇ ಆವೃತ್ತಿಯ ಹೊಸ್ತಿಲಲ್ಲೇ ನಿಂತರು. ಮರುವರ್ಷ ಸದ್ದಿಲ್ಲದೆ ಹತ್ತನೆಯದನ್ನು ಒಳಗೆ ಬಿಟ್ಟುಕೊಂಡರು. ಎಷ್ಟು ಗಂಜಲ ಚಿಮುಕಿಸಿದರೋ, ಪರವಾನಗಿಯಂತೂ ಅದೇ ಅಪಾಚೆ.