ಗುಜರಿ ತಕ್ಕಡಿ ಜೊತೆ ಅರ್ಧ ತಾಸು

ಹೊಸರಿತ್ತಿಯಲ್ಲಿ ಜೆಸಿಬಿ ಹೋದಲ್ಲೆಲ್ಲ ಹಿಂದೆಯೇ ಹೋಗುವ ಗುಜರಿ ಗಾಡಿಯೊಂದಿದೆ. ಅದರ ಮೇಲೊಂದು ತಕ್ಕಡಿ. ಹರಿದ ಸರಪಳಿಗೆ ಸೈಕಲ್ ಸ್ಪೋಕ್ ಕಟ್ಟಿದ್ದಾರೆ. ಹಳೆ ಕಟ್ಟಡ ಕೆಡವುವ ಮುಂಚೆ ವಿಕಿರಣ ಪರೀಕ್ಷೆ ಬೇಡವೇ ಎಂದು ಎಂಜಿನಿಯರೊಬ್ಬರನ್ನು ಕೇಳಿದ್ದೆ, ನಕ್ಕರು. ಎಸ್ಟಿಮೇಟಿನಲ್ಲಿ ಅದಕ್ಕೆ ಕಾಲಂ ಇಲ್ಲವಂತೆ. ಹಾಗಾಗಿ ತಕ್ಕಡಿಯ ಹತ್ತಿರ ಬಂದೆ.

ನಾನು: ಕೆಡವಿದ ಮಾಲು ಮೊದಲು ಮುಟ್ಟೋರು ನೀವು. ಈ ವಿಕಿರಣ...

ತಕ್ಕಡಿ: ಮೊದಲ ಆ ಬ್ಯಾಟರಿ ತಕ್ಕಡಿ ಬಗ್ಗೆ ಬರೀರಿ ಸರ. ಕೆಂಪು ಅಂಕಿ ಮಿಣಕ್ ಅಂದ್ರ ಸಾಕು, ಮಂದಿ ನಂಬ್ತಾರ. ನನಗ ಮಾತ್ರ ತಟ್ಟಿ ಕೆಳಗ ಹುಣಸಿಹಣ್ಣು ಅಂಟಿಸ್ಯಾರ ಅಂತಾರ. ಒಮ್ಮೆ ಅಂಟಿಸಿದ್ದು ಖರೆ. ಜೀವನಪೂರ್ತಿ ಅದನ್ನ ಹೇಳಬೇಕೇನ್ರಿ?

ನಾನು: ಹಳೆ ಆಸ್ಪತ್ರೆಗಳ ಎಕ್ಸ್‌ರೇ ಕೋಣೆ?

ತಕ್ಕಡಿ: ಕರೆಂಟ್ ತಗದ್ರ ಎಕ್ಸ್‌ರೇ ಮಷೀನು ಮಿಕ್ಸರ್ ಇದ್ದಂಗ್ರಿ, ಕಿರಣ ಗಿರಣ ಏನೂ ಇರಂಗಿಲ್ಲ. ಅಂಜಬೇಕಾದ್ದು ಕೋಬಾಲ್ಟಿಗೆ, ಸೀಸಿಯಂಗೆ. ಅವಕ್ಕ ಸ್ವಿಚ್ ಇಲ್ಲ. ಸೀಸಿಯಂ ಬ್ಯಾರೆ, ಸೀಸ ಬ್ಯಾರೆ ಮತ್ತ. ಸೀಸ ಅಂದ್ರ ಮ್ಯಾಲಿನ ಕವಚ. ಅದು ಭಾರ, ಭಾರ ಅಂದ್ರ ರೊಕ್ಕ. ಗುಜರಿಯವ ಒಡಿಯೂದು ಅದಕ್ಕ. ಆ ಭಾರನ ಬ್ಯಾಟರಿ ತಕ್ಕಡಿ ಮ್ಯಾಲ ಇಟ್ಟು ನೋಡ್ರಿ...

ನಾನು: ಅದಿರಲಿ. ಊರ ಹಳೆ ಶಾಲೆ ಕೆಡವಿದಾಗ ಸಾಗವಾನಿ ತೊಲೆಗಳು ಎಲ್ಲಿ ಹೋದವು? (ಮತ್ತೆ ಅದೇ ತೊಲೆ ಎಂದು ಈ ಅಂಕಣದ ಓದುಗರು ನಿಟ್ಟುಸಿರು ಬಿಡಬಾರದು.)

ತಕ್ಕಡಿ: ತೊಲಿ ನನ್ನ ತಟ್ಟಿಗೆ ಬರಂಗಿಲ್ರಿ. ಹರಾಜಿನ ಹಿಂದಿನ ರಾತ್ರಿನ ಯಾರದೋ ದೇವರಕೋಣಿ ಬಾಗಲಾ ಆಗಿರತಾವ.

ನಾನು: ಯಾರ ಮನೆ? ಹೆಸರು ಹೇಳಿ!

ತಕ್ಕಡಿ: ವಿಕಿರಣ ಕೇಳಾಕ ಬಂದಿದ್ರಿ.

ನಾನು: ಹಾಂ. ನಮ್ಮ ಕಡೆ ಅದೆಲ್ಲ ಎಲ್ಲಿಂದ ಬರಬೇಕು ಅಂತಾರೆ.

ತಕ್ಕಡಿಯ ತೂಗಾಟ ನಿಂತಿತು.

ತಕ್ಕಡಿ: ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಾಗ ಒಂದು ಕೋಬಾಲ್ಟ್ ಯಂತ್ರ 1985ರಿಂದ ಸುಮ್ಮನ ಬಿದ್ದಿತ್ತು. 2010ರ ಫೆಬ್ರವರಿಯಾಗ ಗುಜರಿ ಅಂತ ಹರಾಜು ಹಾಕಿದ್ರು. ಅಲ್ಲಿನ ಮಾಯಾಪುರಿ ಗುಜರಿ ಬಜಾರದಾಗ ಬಿಚ್ಚಿದ್ರು. ಮಾರಿದವರು ರಸಾಯನಶಾಸ್ತ್ರ ಕಲಿಸಾವ್ರು, ಸತ್ತಾಂವ ಗುಜರಿ ಅಂಗಡಿ ಆಳು. ಬ್ರೆಜಿಲ್‌ನ ಗೊಯಾನಿಯಾದಾಗ ಆಸ್ಪತ್ರಿಯವರು ಜಾಗಾ ಬಿಟ್ಟು ಹೋದ್ರು, ಸೀಸಿಯಂ ಯಂತ್ರ ಅಲ್ಲೇ ಬಿಟ್ರು, ಕಟ್ಟಡ ಅರ್ಧ ಕೆಡವಿದ್ರು. 1987ರಾಗ ಯಾರೋ ಅದನ್ನ ಒಯ್ದು ಒಡದ್ರು. ಗುಜರಿ ಮನ್ಯಾಗ ನೀಲಿ ಹೊಳಿಯೂ ಪುಡಿ. ಆರು ವರ್ಷದ ಕೂಸು ಮೈಗೆ ಹಚಗೊಂಡು ಆಡಿತು, ಅದ ಕೈಲೆ ಉಂಡಿತು. 249 ಮಂದಿಗೆ ಪುಡಿ ಹತ್ತಿತ್ತು, ನಾಲ್ಕು ಮಂದಿ ಸತ್ರು. ಆ ಕೂಸಿನ್ನ ಮಣ್ಣು ಮಾಡಾಕ ಒಯ್ದರ ಊರವರು ಕಲ್ಲು ಒಗದ್ರು. ಮಣ್ಣು ಕೆಡ್ತೈತಿ ಅಂತ!

ನಾನು ಸುಮ್ಮನಿದ್ದೆ.

ತಕ್ಕಡಿ: 1943ರ ಏಪ್ರಿಲ್ 1ಕ್ಕ ಇದ ಊರಾಗ ಸ್ವಾತಂತ್ರ್ಯಕ್ಕಾಗಿ ಗುಂಡು ತಿಂದ ಮೈಲಾರ ಮಹದೇವಪ್ಪನವರ ಹೆಸರು ನಮ್ಮ ಹುಡುಗರು ಹೇಳ್ತಾರ. ಮಾಯಾಪುರಿಯಾಗ ಸತ್ತಾಂವನ ಹೆಸರು ನಿಮಗ ಗೊತ್ತೇನ್ರಿ? ಪೇಪರಿನವ್ರು ನೀವು.

ಗೊತ್ತಿರಲಿಲ್ಲ.

ನಾನು: ಅಂಥ ಯಂತ್ರ ಇಟ್ಟವರು ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಿ, ಒಳಗಿನ ಮೂಲವನ್ನು ಮರಳಿಸಬೇಕು ಅಂತ ನಿಯಮ ಇದೆ.

ತಕ್ಕಡಿ: ನಿಯಮ ತೂಗಿ ನೋಡೀನ್ರಿ. ಮುಳ್ಳು ಅಲುಗಲಿಲ್ಲ.

ನಾನು: ಅಂಗೈಯಗಲದ ಮಾಪಕ ಹಿಡಿದು ಆಸ್ಪತ್ರೆ, ಪ್ರಯೋಗಶಾಲೆ, ಹಳೆ ಕಾರ್ಖಾನೆಗಳ ಕೋಣೆ ಕೋಣೆ ಸುತ್ತಿದರೆ ಸಾಕು. ಟಿಕ್ ಟಿಕ್ ಅಂತ ಹೇಳಿಬಿಡುತ್ತೆ. ಆಮೇಲೆ ಜೆಸಿಬಿ ಬರಲಿ.

ತಕ್ಕಡಿ: ಚಲೋ ಮಾತು. ಸರ, ಆ ಮಾಪಕ... ಅದೂ ಬ್ಯಾಟರಿದ ಏನ್ರಿ?

ಹೌದೆನ್ನಲು ಧೈರ್ಯ ಸಾಲದೆ ಮತ್ತೆ ತೊಲೆಗಳ ವಿಷಯ ಎತ್ತಿದೆ.